ಮಕ್ಕಳ ತೂಕವನ್ನು ತರಗತಿಯಲ್ಲಿ ಕೂಗಿ ಹೇಳಬೇಡಿ: ಶಾಲೆಯವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಯವರಿಗೆ ಮತ್ತು ನಮ್ಮ ಮಕ್ಕಳಿಗೆ ಪಾಠ ಹೇಳುವ ಎಲ್ಲ ಶಿಕ್ಷಕರಿಗೆ,

ನಮಸ್ಕಾರಗಳು.

ನಾನು ತಮ್ಮ ಶಾಲೆಯ ಆರನೇ ತರಗತಿಯಲ್ಲಿ ಓದುವ ಹುಡುಗಿಯ ತಾಯಿ. ಶಾಲೆಯ ಹೆಸರನ್ನಾಗಲೀ ಯಾರ ಹೆಸರನ್ನಾಗಲೀ ಇಲ್ಲಿ ಬರೆಯುತ್ತಿಲ್ಲ. ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಬೇಕಾಗಿಲ್ಲ. ಇದೇ ಮಾತನ್ನು ಮೊದಲು ತಮಗೊಬ್ಬರಿಗೇ ಬರೆದು ಕಳಿಸಿದ್ದೆ. ‘ಇದು ಎಲ್ಲ ಶಾಲೆಗಳಲ್ಲೂ ನಡೆಯುವುದೇ, ಮಕ್ಕಳು ಮರೆತುಬಿಡುತ್ತಾರೆ’ ಎಂದು ಉತ್ತರ ಬಂತು. ಎಲ್ಲ ಕಡೆ ನಡೆಯುತ್ತದೆ ಅಂದಮೇಲೆ ಎಲ್ಲರೂ ಓದುವ ಹಾಗೆ ಬರೆಯುವುದೇ ಸರಿ ಅನ್ನಿಸಿತು. ಬರೆಯುವ ಮುಂಚೆ ಮಗಳನ್ನು ಕೇಳಿದೆ. ‘ನನ್ನ ತೂಕ ಎಷ್ಟು ಅಂತ ಮಾತ್ರ ಬರೀಬೇಡಮ್ಮ’ ಅಂದಳು. ಬರೆಯುವುದಿಲ್ಲ.

ಆರೋಗ್ಯ ತಪಾಸಣೆಯ ದಿನ ಸಹಾಯಕ್ಕೆ ಕೆಲವು ಪೋಷಕರು ಬೇಕು ಎಂದು ಶಾಲೆಯಿಂದ ಸಂದೇಶ ಬಂದಿತ್ತು. ನಾನೂ ಬಂದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ತೂಕದ ಯಂತ್ರವನ್ನು ತರಗತಿಯ ಮುಂದೆ, ಬೋರ್ಡಿನ ಪಕ್ಕದಲ್ಲೇ ಇಟ್ಟಿದ್ದರು. ಒಬ್ಬ ಶಿಕ್ಷಕರು ಅಲ್ಲಿ ನಿಂತು ಹೆಸರು, ಎತ್ತರ, ತೂಕ ಕೂಗಿ ಹೇಳುತ್ತಿದ್ದರು. ಇನ್ನೊಬ್ಬರು ಕೋಣೆಯ ಆ ತುದಿಯಲ್ಲಿ ಕುಳಿತು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ನಡುವೆ ಇಡೀ ತರಗತಿ ಕೂತಿತ್ತು. ಪ್ರತಿಯೊಂದು ಸಂಖ್ಯೆಯೂ ಎಲ್ಲರ ಕಿವಿಗೆ ಬಿತ್ತು.

ಹುಡುಗಿಯರ ಸಾಲಿನ ಹತ್ತಿರ ನಿಂತವಳು ನಾನು. ಶೂ ಬಿಚ್ಚಲು ಹೇಳಿದ್ದರು, ಬಿಚ್ಚಿದರು. ಆಮೇಲೆ ಯಾರೂ ಹೇಳದೆಯೇ ಸ್ವೆಟರ್ ತೆಗೆದರು. ಬೆಲ್ಟ್ ತೆಗೆದರು. ಕೈಗಡಿಯಾರ ತೆಗೆದರು. ಒಬ್ಬಳು ತಲೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ಗೆಳತಿಯ ಅಂಗೈಯಲ್ಲಿಟ್ಟಳು. ಕೂದಲು ಮುಖದ ಮೇಲೆ ಬಿದ್ದರೂ ಸರಿಮಾಡಿಕೊಳ್ಳಲಿಲ್ಲ. ಮತ್ತೊಬ್ಬಳು ಉಸಿರನ್ನೆಲ್ಲ ಹೊರಗೆ ಬಿಟ್ಟು, ಹಾಗೇ ಬಿಗಿಹಿಡಿದು ಯಂತ್ರದ ಮೇಲೆ ಕಾಲಿಟ್ಟಳು. ಇವರೆಲ್ಲ ಹನ್ನೊಂದು ವರ್ಷದ ಮಕ್ಕಳು. ತೂಕ ಒಂದಿಷ್ಟಾದರೂ ಕಮ್ಮಿ ಬರಲಿ ಎಂದು ಅವರು ಪಡುತ್ತಿದ್ದ ಪಾಡನ್ನು ನಾನು ಒಂದು ಮಾರು ದೂರದಿಂದ ನೋಡಿದೆ.

ಒಬ್ಬಳ ತೂಕ ಉಳಿದವರಿಗಿಂತ ಜಾಸ್ತಿ ಬಂತು. ಹಿಂದಿನ ಬೆಂಚಿನಿಂದ ಯಾರೋ ಆ ಸಂಖ್ಯೆಯನ್ನು ರಾಗವಾಗಿ ಮತ್ತೆ ಹೇಳಿದರು. ನಗು ಎದ್ದಿತು. ‘ಸ್ವಲ್ಪ ಕಮ್ಮಿ ತಿನ್ನಮ್ಮ’ ಎಂದು ಶಿಕ್ಷಕರೂ ನಗುತ್ತಲೇ ಹೇಳಿದರು. ಅವರ ದನಿಯಲ್ಲಿ ಕೆಡುಕು ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಅದರ ಬೆನ್ನಿಗೇ ಬಂದ ತೆಳ್ಳಗಿನ ಹುಡುಗಿಗೆ ‘ಗಾಳಿ ಬಂದ್ರೆ ಹಾರಿಹೋಗ್ತೀಯಲ್ಲೇ’ ಅಂದರು. ಅವಳೂ ತಲೆ ತಗ್ಗಿಸಿಕೊಂಡೇ ಇಳಿದಳು. ಒಟ್ಟಿನಲ್ಲಿ ಆ ಯಂತ್ರದಿಂದ ನೆಮ್ಮದಿಯಾಗಿ ಇಳಿದು ಹೋದ ಹುಡುಗಿಯರು ನನಗೆ ಕಾಣಲಿಲ್ಲ.

ಮಾರನೇ ದಿನ ನನ್ನ ಮಗಳ ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬಂತು. ಹಸಿವಿರಲಿಲ್ಲ ಅಂದಳು. ರಾತ್ರಿ ಮಲಗುವಾಗ ತಾನಾಗೇ ಹೇಳಿದಳು: ‘ಅಮ್ಮಾ, ಕ್ಲಾಸಲ್ಲಿ ನಾನು ಮೂರನೆಯವಳು.’ ಯಾವುದರಲ್ಲಿ ಎಂದು ಕೇಳಿದೆ. ತೂಕದಲ್ಲಿ. ಮೊದಲನೆಯವಳು ಯಾರು, ಎರಡನೆಯವಳು ಯಾರು, ಯಾರದು ಎಷ್ಟು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಅಂಕಗಳ ಹಾಗೆ, ತರಗತಿಯಲ್ಲಿ ಮೈಗೂ ಒಂದು ರ‍್ಯಾಂಕ್ ಬಂದಿತ್ತು. ಆ ರ‍್ಯಾಂಕ್ ಕೊಟ್ಟಿದ್ದು ಶಾಲೆ.

ಮಾನ್ಯರೆ, ಮಕ್ಕಳು ಮರೆತುಬಿಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ದೊಡ್ಡ ಹೆಂಗಸನ್ನಾದರೂ ಕೇಳಿ ನೋಡಿ. ಚಿಕ್ಕಂದಿನಲ್ಲಿ ತನ್ನ ಮೈ ಬಗ್ಗೆ ಯಾರು, ಎಲ್ಲಿ, ಏನಂದರು ಎಂದು ಹೆಚ್ಚಿನವರು ಆ ಮಾತನ್ನು ಇದ್ದ ಹಾಗೇ ಹೇಳಬಲ್ಲರು. ಅಂದವರು ಮರೆತಿರುತ್ತಾರೆ, ಅಷ್ಟೇ.

ಹನ್ನೊಂದನೇ ವಯಸ್ಸಿನಲ್ಲಿ ಹುಡುಗಿಯರ ಮೈಯಲ್ಲಿ ಏನು ನಡೆಯುತ್ತದೆ ಎಂಬುದು ತಮ್ಮ ಶಾಲೆಯ ವಿಜ್ಞಾನದ ಪಾಠದಲ್ಲೇ ಇದೆ. ಹುಡುಗಿಯರಲ್ಲಿ ಪ್ರೌಢಾವಸ್ಥೆ ಸಾಮಾನ್ಯವಾಗಿ 8ರಿಂದ 13 ವರ್ಷದ ಒಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂದರೆ ಐದು ವರ್ಷಗಳ ಅಂತರ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ಅರ್ಧ ದಾರಿ ಬಂದಿರುತ್ತಾಳೆ, ಇನ್ನೊಬ್ಬಳು ಹೊರಟೇ ಇರುವುದಿಲ್ಲ. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಈ ಹಂತದಲ್ಲಿ ಸೊಂಟ, ತೊಡೆ, ಎದೆಯಲ್ಲಿ ಕೊಬ್ಬು ಸೇರಲೇಬೇಕು. ಸೇರದಿದ್ದರೆ ತೊಂದರೆ. ಕೆಲವರಿಗೆ ಮೊದಲು ಅಗಲವಾಗಿ ಆಮೇಲೆ ಎತ್ತರ ಬರುತ್ತದೆ. ಕೆಲವರು ಮೊದಲು ಉದ್ದಕ್ಕೆ ಬೆಳೆದು ಆಮೇಲೆ ತುಂಬಿಕೊಳ್ಳುತ್ತಾರೆ. ಬೆಳವಣಿಗೆ ಜೋರಾಗಿರುವ ವರ್ಷದಲ್ಲಿ ಒಬ್ಬ ಹುಡುಗಿ ಸುಮಾರು 8 ಸೆಂಟಿಮೀಟರ್ ಎತ್ತರವಾಗುತ್ತಾಳೆ. ಅಷ್ಟು ಬೆಳೆಯುವ ಮಗುವಿನ ತೂಕ ಏರದೆ ಇರುತ್ತದೆಯೇ? ಹೀಗಿರುವಾಗ ಆರನೇ ತರಗತಿಯ ಹುಡುಗಿಯರ ತೂಕವನ್ನು ಒಬ್ಬರದರ ಪಕ್ಕ ಒಬ್ಬರದು ಇಟ್ಟು ನೋಡುವುದರಲ್ಲಿ ಯಾವ ಅರ್ಥವೂ ಇಲ್ಲ.

ತೂಕದ ಜೊತೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಲೆಕ್ಕವನ್ನೂ ಹಾಕಿ ಪ್ರಗತಿ ಪತ್ರದಲ್ಲಿ ಬರೆದಿದ್ದರು. ಅದರ ಬಗ್ಗೆ ಎರಡು ಮಾತು. ಆ ಸೂತ್ರವನ್ನು ಕೊಟ್ಟವರು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ಮತ್ತು ಸಂಖ್ಯಾಶಾಸ್ತ್ರದ ಪಂಡಿತರು ಅದನ್ನು ರೂಪಿಸಿದರು. ಅವರಿಗೆ ಬೇಕಿದ್ದದ್ದು ಇಡೀ ಜನಸಮೂಹದ ಸರಾಸರಿ. ಬಿಎಂಐ ಎಂಬ ಹೆಸರು ಬಂದದ್ದು ಬಹಳ ಆಮೇಲೆ, 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಜೊತೆಗಾರರಿಂದ. ದೊಡ್ಡವರಿಗೆ ಇರುವ ಬಿಎಂಐ ಗಡಿಗಳು ಮಕ್ಕಳಿಗೆ ಹೊಂದುವುದೇ ಇಲ್ಲ. ಮಕ್ಕಳದ್ದನ್ನು ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ನೋಡಿ ಬೆಳವಣಿಗೆಯ ಚಾರ್ಟಿನಲ್ಲಿ ಗುರುತಿಸಬೇಕು. ಅದೂ ಒಂದು ಸಲದ ಅಳತೆಯಿಂದ ಏನೂ ಹೇಳಲಾಗುವುದಿಲ್ಲ. ಆ ಮಗು ತನ್ನದೇ ಗೆರೆಯಲ್ಲಿ ಸಾಗುತ್ತಿದೆಯೇ ಅಥವಾ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಆಗಿದೆಯೇ ಎಂದು ವೈದ್ಯರು ನೋಡುತ್ತಾರೆ. ಇದು ವೈದ್ಯರು ಮತ್ತು ಪೋಷಕರು ಬಾಗಿಲು ಹಾಕಿಕೊಂಡು ಮಾತಾಡಬೇಕಾದ ವಿಷಯ. ನಲವತ್ತು ಮಕ್ಕಳ ಮುಂದೆ ಕೂಗುವ ವಿಷಯ ಅಲ್ಲ.

‘ಮಕ್ಕಳ ಆರೋಗ್ಯದ ಕಾಳಜಿಯಿಂದ ಹೇಳಿದ್ದು’ ಎಂದು ತಾವು ಹೇಳಬಹುದು. ಕಾಳಜಿ ಇದೆ, ನಂಬುತ್ತೇನೆ. ಆದರೆ ತೂಕದ ಬಗ್ಗೆ ಮಾತಾಡಿದರೆ ಮಕ್ಕಳ ಆರೋಗ್ಯ ಸುಧಾರಿಸುತ್ತದೆ ಎಂಬ ನಂಬಿಕೆಯೇ ತಪ್ಪು. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಈ ಬಗ್ಗೆಯೇ ಒಂದು ವರದಿ ಕೊಟ್ಟಿತು. ಅತಿತೂಕ ಮತ್ತು ಊಟದ ಕಾಯಿಲೆಗಳು (ಊಟ ಬಿಡುವುದು, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು, ಇಂಥ ಮನಸ್ಸಿನ ಕಾಯಿಲೆಗಳು), ಎರಡನ್ನೂ ಒಟ್ಟಿಗೆ ತಡೆಯುವುದು ಹೇಗೆ ಎಂಬುದು ಅದರ ವಿಷಯ. ಹದಿಹರೆಯದಲ್ಲಿ ಡಯಟ್ ಮಾಡುವುದು, ಮನೆಯವರು ತೂಕದ ಮಾತು ಎತ್ತುವುದು, ತೂಕದ ಬಗ್ಗೆ ಚುಡಾಯಿಸುವುದು, ಇವು ಮುಂದೆ ತೂಕ ಏರುವುದಕ್ಕೂ ಊಟದ ಕಾಯಿಲೆಗಳಿಗೂ ದಾರಿ ಮಾಡಿಕೊಡುತ್ತವೆ ಎಂದು ಅದು ಎಚ್ಚರಿಸಿತು. ಮನೆಯವರೆಲ್ಲ ಜೊತೆಯಲ್ಲಿ ಕೂತು ಊಟ ಮಾಡುವುದು, ಆಟ ಓಟ, ತನ್ನ ಮೈಯನ್ನು ಒಪ್ಪಿಕೊಳ್ಳುವ ಮನಸ್ಸು, ಇವನ್ನು ಬೆಳೆಸಿ ಎಂದಿತು. ಅಂದರೆ ‘ಸ್ವಲ್ಪ ಕಮ್ಮಿ ತಿನ್ನಮ್ಮ’ ಎಂಬ ಮಾತಿನಿಂದ ಆ ಹುಡುಗಿಗೆ ನಾಚಿಕೆ ಆಯಿತೇ ಹೊರತು ಆರೋಗ್ಯ ಬರಲಿಲ್ಲ.

ಊಟದ ಕಾಯಿಲೆಗಳೆಂದರೆ ಸುಮ್ನೆ ಹಟ, ಶೋಕಿ ಎಂದುಕೊಳ್ಳುವವರು ಇನ್ನೂ ಇದ್ದಾರೆ. ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಎಂಬ ಕಾಯಿಲೆ ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಊಟದ ಕಾಯಿಲೆ ಇರುವ ಮಗು ತೆಳ್ಳಗೇ ಇರಬೇಕೆಂದಿಲ್ಲ. ಯಾವ ಗಾತ್ರದ ಮೈಯಲ್ಲೂ ಅದು ಇರಬಹುದು. ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ಹಾಗಾಗಿಯೇ ದಿನಕ್ಕೆ ಆರೇಳು ಗಂಟೆ ಮಕ್ಕಳ ಜೊತೆ ಇರುವ ಶಿಕ್ಷಕರಿಗೆ ಅದರ ಗುರುತುಗಳು ತಿಳಿದಿರಬೇಕು. ಡಬ್ಬಿ ದಿನಾ ಹಾಗೇ ವಾಪಸ್ ಹೋಗುವುದು, ಊಟದ ಹೊತ್ತಿಗೆ ಎಲ್ಲೋ ಮಾಯವಾಗುವುದು, ಊಟ ಆದ ಕೂಡಲೇ ಶೌಚಾಲಯಕ್ಕೆ ಓಡುವುದು, ಸೆಕೆಯಲ್ಲೂ ಮೈತುಂಬ ದಪ್ಪ ಬಟ್ಟೆ ಹೊದ್ದುಕೊಂಡು ಕೂರುವುದು, ತಲೆ ಸುತ್ತಿ ಬೀಳುವುದು, ಗೆಳತಿಯರಿಂದ ದೂರ ಸರಿಯುವುದು. ಇಂಥದ್ದನ್ನು ಮೊದಲು ಕಾಣುವವರು ಎಷ್ಟೋ ಸಲ ತಾವೇ, ನಾವಲ್ಲ.

ತಮ್ಮ ಶಾಲೆಯಲ್ಲೇ ಕಂಡ ಇನ್ನೊಂದು ಸಂಗತಿ. ನಮ್ಮ ಮಗಳ ಗೆಳತಿಯೊಬ್ಬಳಿಗೆ ಜ್ವರ ಬಂದು ವಾರಗಟ್ಟಲೆ ಹಾಸಿಗೆ ಹಿಡಿದಿದ್ದಳು. ಮತ್ತೆ ಶಾಲೆಗೆ ಬಂದ ದಿನ ಗೇಟಿನ ಹತ್ತಿರ ಒಬ್ಬರು ಶಿಕ್ಷಕಿ ಅವಳನ್ನು ನೋಡಿ ‘ಅರೆ, ಎಷ್ಟು ಸಣ್ಣ ಆಗಿದೀಯ! ಈಗ ನೋಡು ಚೆನ್ನಾಗಿ ಕಾಣ್ತೀಯ’ ಅಂದರು. ನಾನು ಪಕ್ಕದಲ್ಲೇ ಇದ್ದೆ. ಹುಡುಗಿ ಮುಖ ಅರಳಿತು. ನನಗೆ ಎದೆ ಝಲ್ ಅಂತು. ಕಾಯಿಲೆ ಬಿದ್ದು ಊಟ ಬಿಟ್ಟಾಗ ತಾನು ಚೆನ್ನಾಗಿ ಕಂಡೆ ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತಿರುತ್ತದೆ, ಅಲ್ವಾ? ‘ಈಗ ಹೇಗಿದೀಯ? ನೀನಿಲ್ಲದೆ ಕ್ಲಾಸು ಬಿಕೋ ಅಂತಿತ್ತು’ ಎಂದಿದ್ದರೂ ಆ ಮುಖ ಅಷ್ಟೇ ಅರಳುತ್ತಿತ್ತು.

ನೃತ್ಯದ ತಂಡದಲ್ಲಿ ಮುಂದಿನ ಸಾಲಿಗೆ ಯಾರನ್ನು ಆರಿಸುತ್ತಾರೆ ಎಂಬುದೂ ಮಕ್ಕಳಿಗೆ ಚೆನ್ನಾಗಿ ಗೊತ್ತು. ಚೆನ್ನಾಗಿ ಕುಣಿಯುವವರು ಹಿಂದೆ, ತೆಳ್ಳಗೆ ಬೆಳ್ಳಗೆ ಇರುವವರು ಮುಂದೆ. ಅತಿಥಿಗಳಿಗೆ ಹೂಗುಚ್ಛ ಕೊಡಲೂ ಅವರೇ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ವೇದಿಕೆ ನೋಡಿದರೆ ಸಾಕು. ಬಣ್ಣದ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಜಾಸ್ತಿ. ಮೈಬಣ್ಣ ನಿರ್ಧಾರವಾಗುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುವುದು ಅದರ ಕೆಲಸ. ಇದನ್ನು ಪಾಠದಲ್ಲಿ ಕಲಿಸುವ ಶಾಲೆಯೇ ವೇದಿಕೆಯ ಮೇಲೆ ಅದಕ್ಕೆ ತದ್ವಿರುದ್ಧವಾದದ್ದನ್ನು ಕಲಿಸಿದರೆ ಮಕ್ಕಳು ಯಾವುದನ್ನು ನಂಬಬೇಕು?

ಮೈ ಬಗೆಗಿನ ಚಿಂತೆ ಓದಿಗೂ ಕುತ್ತು ಎಂಬುದನ್ನು ತಾವು ಗಮನಿಸಬೇಕು. 1997ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ವಿಚಾರ ಮುಂದಿಟ್ಟರು. ತನ್ನನ್ನು ಎಲ್ಲರೂ ನೋಡಿ ಅಳೆಯುತ್ತಾರೆ ಎಂದು ಕಲಿತ ಹುಡುಗಿ ಕ್ರಮೇಣ ತಾನೇ ಹೊರಗೆ ನಿಂತು ತನ್ನನ್ನು ಅಳೆಯಲು ಶುರುಮಾಡುತ್ತಾಳೆ ಎಂಬುದು ಅದರ ಸಾರ. ಮರುವರ್ಷ ಅವರೂ ಅವರ ಸಂಗಡಿಗರೂ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ ಕೊಟ್ಟರು. ಕನ್ನಡಿ ಇರುವ ಕೋಣೆಯಲ್ಲಿ ಒಬ್ಬರೇ ಅದನ್ನು ಹಾಕಿಕೊಂಡು ಲೆಕ್ಕದ ಪರೀಕ್ಷೆ ಬರೆಯಬೇಕಿತ್ತು. ಈಜುಡುಗೆ ತೊಟ್ಟ ಹುಡುಗಿಯರ ಅಂಕ ಸ್ವೆಟರ್ ತೊಟ್ಟವರಿಗಿಂತ ಕೆಳಗಿಳಿಯಿತು. ಹುಡುಗರಲ್ಲಿ ಹಾಗಾಗಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ನೋಡುವ ಕಣ್ಣು ಅವರ ಒಳಗೇ ಇತ್ತು. ಈಗ ತೂಕ ಕೂಗಿಸಿಕೊಂಡು ಬಂದು ಮುಂದಿನ ಪೀರಿಯಡ್‌ನಲ್ಲಿ ಗಣಿತಕ್ಕೆ ಕೂತ ನಮ್ಮ ಮಕ್ಕಳನ್ನು ನೆನೆಯಿರಿ. ಆ ದಿನ ಮುಂದಿನ ಪೀರಿಯಡ್ ಗಣಿತವೇ ಆಗಿತ್ತು.

ಇನ್ನು ಫೋಟೋ. ತರಗತಿಯ ಫೋಟೋ ಮನೆಗೆ ಬಂದಾಗ ನನ್ನ ಮಗಳು ಅದನ್ನು ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ ಬಹಳ ಹೊತ್ತು ನೋಡಿದಳು. ಅವಳ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಸೈಕಲ್ ಕಲಿಯುವಾಗ ಬಿದ್ದದ್ದು. ಎದ್ದು ಮತ್ತೆ ಹತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು, ಆ ಗುರುತನ್ನು ತೋರಿಸಿ. ಫೋಟೋದಲ್ಲಿ ಅದು ಇರಲೇ ಇಲ್ಲ. ಎಲ್ಲ ಮಕ್ಕಳ ಮುಖವನ್ನೂ ಕಂಪ್ಯೂಟರಿನಲ್ಲಿ ನುಣುಪು ಮಾಡಿದ್ದರು. ಮೊಡವೆ ಹೋಗಿತ್ತು, ಮಚ್ಚೆ ಹೋಗಿತ್ತು, ಬಣ್ಣ ತಿಳಿಯಾಗಿತ್ತು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ನಿನ್ನ ಮುಖ ಇದ್ದ ಹಾಗೆ ಗೋಡೆಗೆ ಹಾಕಲು ಲಾಯಕ್ಕಿಲ್ಲ ಎಂದು ಆ ಫೋಟೋ ಒಂದೊಂದು ಮಗುವಿಗೂ ಹೇಳಿತು.

ಚಿತ್ರಗಳಿಗೆ ಅಷ್ಟೊಂದು ಶಕ್ತಿ ಇದೆಯೇ ಎಂದು ಕೇಳುವವರಿಗೆ ಫಿಜಿ ದ್ವೀಪದ ಕಥೆ ಹೇಳಬೇಕು. ಅಲ್ಲಿ ತುಂಬಿದ ಮೈಯೇ ಚೆಂದ ಎಂಬ ಭಾವನೆ ಹಿಂದಿನಿಂದ ಇತ್ತು. ಚೆನ್ನಾಗಿ ಉಂಡು ಗಟ್ಟಿಮುಟ್ಟಾಗಿ ಇರುವುದನ್ನು ಮೆಚ್ಚುತ್ತಿದ್ದರು. ನಾಡ್ರೋಗಾ ಎಂಬ ಪ್ರದೇಶಕ್ಕೆ ಟಿವಿ ಬಂದದ್ದು 1995ರಲ್ಲಿ. ಆನ್ ಬೆಕರ್ ಎಂಬ ಸಂಶೋಧಕಿ ಟಿವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ಉಂಡದ್ದನ್ನು ಬೇಕೆಂದೇ ವಾಂತಿ ಮಾಡುತ್ತೇವೆ ಎಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ಹಾಗೆ ಹೇಳಿದವರು 100ಕ್ಕೆ 11 ಮಂದಿ. ಅದು ಕೋಣೆಯ ಮೂಲೆಯಲ್ಲಿದ್ದ ಒಂದು ಟಿವಿ. ಈಗ ಪರದೆ ಮಕ್ಕಳ ಕೈಯಲ್ಲೇ ಇದೆ. ಅದರಲ್ಲಿ ಕಾಣುವುದು ನಟಿಯರ ಮುಖ ಮಾತ್ರವಲ್ಲ. ಫಿಲ್ಟರ್ ಹಾಕಿದ ಗೆಳತಿಯ ಮುಖ, ಫಿಲ್ಟರ್ ಹಾಕಿದ ತನ್ನದೇ ಮುಖ. ತನ್ನ ಮುಖವೇ ತನಗೆ ಎದುರಾಳಿ.

ಸರ್ಕಾರಗಳೂ ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಫ್ರಾನ್ಸ್‌ನಲ್ಲಿ 2017ರಿಂದ, ಜಾಹೀರಾತಿನ ರೂಪದರ್ಶಿಯ ಮೈಯನ್ನು ಕಂಪ್ಯೂಟರಿನಲ್ಲಿ ತೆಳ್ಳಗೆ ಅಥವಾ ದಪ್ಪಗೆ ಮಾಡಿದರೆ ‘ತಿದ್ದಿದ ಚಿತ್ರ’ ಎಂದು ನಮೂದಿಸಲೇಬೇಕು. ನಾರ್ವೆಯಲ್ಲೂ 2022ರಿಂದ ಜಾಹೀರಾತುಗಳಲ್ಲಿ ಮೈಯ ಆಕಾರ, ಗಾತ್ರ, ಚರ್ಮವನ್ನು ತಿದ್ದಿದ್ದರೆ ಅದನ್ನು ತಿಳಿಸುವ ಗುರುತು ಹಾಕಬೇಕು. ಸಾಬೂನು ಮಾರುವವರೇ ಹೇಳಿಕೊಳ್ಳಬೇಕಾದದ್ದನ್ನು ಶಾಲೆ ಹೇಳದೆ ಮಾಡುವುದು ಸರಿಯೇ? ಬೇರೇನೂ ಬೇಡ, ಮಕ್ಕಳ ಫೋಟೋ ಇದ್ದ ಹಾಗೆ ಕೊಡಿ. ಆಮೇಲೆ ಕಂಪ್ಯೂಟರ್ ತರಗತಿಯಲ್ಲಿ ಶಿಕ್ಷಕರು ತಮ್ಮದೇ ಒಂದು ಫೋಟೋ ತೆಗೆದು, ಗಲ್ಲ ಚೂಪು ಮಾಡುವುದು, ಕಣ್ಣು ಅರಳಿಸುವುದು, ಚರ್ಮ ನಯಮಾಡುವುದು ಹೇಗೆ ಎಂದು ಮಕ್ಕಳ ಎದುರಿಗೇ ಮಾಡಿ ತೋರಿಸಲಿ. ಒಮ್ಮೆ ಕಣ್ಣಾರೆ ಕಂಡ ಮಗು ಮುಂದೆ ಪರದೆ ನೋಡುವ ರೀತಿಯೇ ಬೇರೆ.

ಹುಡುಗಿಯರು ಆಟದ ಮೈದಾನದಿಂದ ಹಿಂದೆ ಸರಿಯುವುದು ಈ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡುವ ವಿಷಯ. ನಾಲ್ಕನೇ ತರಗತಿಯವರೆಗೆ ಹುಡುಗರಿಗಿಂತ ಜೋರಾಗಿ ಓಡುತ್ತಿದ್ದವರು ಆರೇಳನೇ ತರಗತಿಗೆ ಬರುವ ಹೊತ್ತಿಗೆ ಮರದ ನೆರಳಿನಲ್ಲಿ ಕೂತು ‘ಹೊಟ್ಟೆನೋವು ಮಿಸ್’ ಅನ್ನುತ್ತಾರೆ. ತಮ್ಮ ಶಾಲೆಯಲ್ಲಿ ಮಾತ್ರವಲ್ಲ, ಹದಿಹರೆಯದಲ್ಲಿ ಹುಡುಗಿಯರು ಹುಡುಗರಿಗಿಂತ ಹೆಚ್ಚಾಗಿ ಆಟ ಬಿಡುವುದು ಜಗತ್ತಿನ ಹಲವು ಕಡೆ ಕಂಡಿರುವ ಸಂಗತಿ. ಸೋಮಾರಿತನ ಎಂದುಕೊಳ್ಳಬೇಡಿ. ಕಾರಣ ಕೇಳಿದರೆ ಸಣ್ಣ ಸಣ್ಣವೇ ಬರುತ್ತವೆ. ಓಡುವಾಗ ಎದೆ ಕುಣಿಯುತ್ತದೆ, ಯಾರೋ ನೋಡುತ್ತಾರೆ. ಬಿಳಿ ಚಡ್ಡಿಯಲ್ಲಿ ಮುಟ್ಟಿನ ಕಲೆ ಕಂಡರೆ ಎಂಬ ಭಯ. ಬಟ್ಟೆ ಬದಲಿಸಲು ಮುಚ್ಚಿದ ಜಾಗ ಇಲ್ಲ. ಸಮವಸ್ತ್ರದ ಟೀ ಶರ್ಟ್ ಬಿಗಿ, ದೊಡ್ಡದು ಕೇಳಿದರೆ ‘ಈ ವಯಸ್ಸಿಗೆ ಇದೇ ಅಳತೆ’ ಎಂಬ ಉತ್ತರ.

ಆಟವನ್ನೇ ಬದುಕಾಗಿಸಿಕೊಂಡ ಹೆಣ್ಣುಮಕ್ಕಳಿಗೂ ಇದೇ ಚಿಂತೆ ಇತ್ತು, ಅವರು ಕೇಳಿ ಬದಲಾಯಿಸಿಕೊಂಡರು. 2021ರಲ್ಲಿ ನಾರ್ವೆಯ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡ, ಬಿಕಿನಿಯನ್ನೇ ತೊಡಬೇಕೆಂಬ ನಿಯಮ ಮೀರಿ, ಚಡ್ಡಿ ತೊಟ್ಟು ಆಡಿತು. ಅದಕ್ಕೆ 1,500 ಯೂರೋ ದಂಡ ಹಾಕಿದರು. ಅದೇ ವರ್ಷ ಆ ನಿಯಮವೇ ಬದಲಾಯಿತು. ಬಿಳಿ ಬಟ್ಟೆಯ ಬಗ್ಗೆ ಅಷ್ಟೊಂದು ಕಟ್ಟುನಿಟ್ಟಾಗಿದ್ದ ವಿಂಬಲ್ಡನ್ ಟೆನಿಸ್‌ನಲ್ಲೂ 2023ರಿಂದ ಹೆಂಗಸರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಿಕೊಳ್ಳಬಹುದು. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡ ಬಿಳಿ ಚಡ್ಡಿ ಬಿಟ್ಟು ನೀಲಿ ತೊಟ್ಟಿತು. ಇಷ್ಟು ದೊಡ್ಡ ಆಟಗಾರ್ತಿಯರೇ ಕಲೆಯ ಭಯದಿಂದ ಆಡಲು ಕಷ್ಟ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಹನ್ನೊಂದರ ಹುಡುಗಿ ಅದನ್ನು ಪಿಟಿ ಮೇಷ್ಟ್ರಿಗೆ ಹೇಗೆ ಹೇಳಿಯಾಳು? ಅವಳು ಕೇಳುವ ಮುಂಚೆ ನಾವೇ ಮಾಡಿಕೊಡಬೇಕು.

ಆಟಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಮೈ ಹೇಗೆ ಕಾಣುತ್ತದೆ ಎಂಬುದನ್ನು ಮಗು ಮರೆಯುವ ಜಾಗ ಅದು. ಮೈಯಿಂದ ಏನೇನು ಆಗುತ್ತದೆ ಎಂದು ಗೊತ್ತಾಗುವುದೂ ಅಲ್ಲೇ. ಎತ್ತರ ಜಿಗಿದ ಕಾಲು, ಗುರಿ ಇಟ್ಟು ಎಸೆದ ತೋಳು, ಗೆದ್ದಾಗ ಗೆಳತಿಯನ್ನು ಎತ್ತಿ ತಿರುಗಿಸಿದ ಬೆನ್ನು. ‘ನೀನು ತುಂಬಾ ಚೆಂದ’ ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ಹುಡುಗಿಗೆ ಆತ್ಮವಿಶ್ವಾಸ ಬರುತ್ತದೆ ಎಂದು ಹಲವರು ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದೂ ನೋಟದ ಮಾತೇ ತಾನೆ? ಚೆಂದ ಕಾಣುವುದೇ ಮುಖ್ಯ ಎಂದು ಅವಳು ಅದರಿಂದ ಕಲಿಯುತ್ತಾಳೆ. ನಾಳೆ ಒಂದು ಮೊಡವೆ ಬಂದರೆ ಆ ವಿಶ್ವಾಸ ಕುಸಿಯುತ್ತದೆ. ಗಟ್ಟಿಯಾಗಿ ನಿಲ್ಲುವುದು ತಾನು ಮಾಡಿದ ಕೆಲಸದ ಮೇಲೆ, ತನ್ನ ಮಾತಿಗೆ ಬೆಲೆ ಇದೆ ಎಂಬ ಅನುಭವದ ಮೇಲೆ ಬಂದ ವಿಶ್ವಾಸ.

ಮನೆಯಲ್ಲಿ ಇದೆಲ್ಲ ಸರಿ ಇದೆಯೇ ಎಂದು ತಾವು ಕೇಳಿದರೆ, ಎಲ್ಲ ಮನೆಗಳಲ್ಲೂ ಇಲ್ಲ. ಪೋಷಕರ ಪಾಲು ದೊಡ್ಡದೇ. ಆದ್ದರಿಂದ ಈ ಪತ್ರ ಓದುವ ಅಪ್ಪ ಅಮ್ಮಂದಿರಿಗೂ ಒಂದಿಷ್ಟು ಹೇಳುತ್ತೇನೆ. ಮಗಳ ಫ್ರಾಕು ಬಿಗಿಯಾದಾಗ ‘ದಪ್ಪ ಆಗ್ಬಿಟ್ಟೆ’ ಅನ್ನಬೇಡಿ. ‘ಬಟ್ಟೆ ಚಿಕ್ಕದಾಯ್ತು, ಬೇರೆ ತರೋಣ’ ಅನ್ನಿ. ಬದಲಾಗಬೇಕಾದದ್ದು ಬಟ್ಟೆ. ಕನ್ನಡಿ ಮುಂದೆ ನಿಂತು ನಿಮ್ಮ ಹೊಟ್ಟೆಯನ್ನು, ತೋಳನ್ನು ನೀವೇ ಬೈದುಕೊಳ್ಳುವಾಗ ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ. ನಾಳೆ ಅವಳಿಗೆ ಬರುವುದೂ ಬಹುಮಟ್ಟಿಗೆ ಅದೇ ಹೊಟ್ಟೆ, ಅದೇ ತೋಳು. ಅವಳು ‘ನಾನು ದಪ್ಪ’ ಎಂದು ಅಳುತ್ತ ಬಂದರೆ ‘ಇಲ್ಲಪ್ಪ, ನೀನೆಲ್ಲಿ ದಪ್ಪ’ ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ದಪ್ಪಗಿರುವುದು ಕೆಟ್ಟದ್ದು ಎಂಬ ಅವಳ ಭಯವನ್ನು ಆ ಮಾತೇ ಖಾತ್ರಿ ಮಾಡುತ್ತದೆ. ‘ಇವತ್ತು ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಪಕ್ಕದಲ್ಲಿ ಕೂತು ಕೇಳಿ. ಅನೇಕ ಸಲ ವಿಷಯ ಮೈಯದ್ದೇ ಆಗಿರುವುದಿಲ್ಲ. ಗೆಳತಿ ಮಾತು ಬಿಟ್ಟಿರುತ್ತಾಳೆ, ಆಟಕ್ಕೆ ಸೇರಿಸಿಕೊಂಡಿರುವುದಿಲ್ಲ.

ಅಪ್ಪಂದಿರಿಗೆ ಒಂದು ವಿನಂತಿ. ಮಗಳ ಮೈ ಬದಲಾಗಲು ಶುರುವಾದ ಕೂಡಲೇ ಎಷ್ಟೋ ಅಪ್ಪಂದಿರು ಮುಜುಗರದಿಂದ ದೂರ ಸರಿಯುತ್ತಾರೆ. ನಿನ್ನೆಯವರೆಗೆ ಹೆಗಲ ಮೇಲೆ ಕೂರಿಸಿಕೊಂಡವರು ಇವತ್ತು ಪಕ್ಕದಲ್ಲಿ ಕೂರುವುದಿಲ್ಲ. ತನ್ನ ಮೈಯಿಂದಲೇ ಅಪ್ಪ ದೂರ ಆದ ಎಂದು ಮಗಳಿಗೆ ಅನ್ನಿಸಬಾರದು. ಜೊತೆಗೆ ಓಡಿ, ಚೆಂಡು ಎಸೆಯಿರಿ, ಕೆಟ್ಟ ಸೈಕಲ್ ಚೈನ್ ಹಾಕುವುದು ಕಲಿಸಿ, ಅವಳ ವಾದವನ್ನು ಪೂರ್ತಿ ಕೇಳಿ.

ಈಗ ಶಾಲೆಯಲ್ಲಿ ನನ್ನ ಬೇಡಿಕೆಗಳು. ತೂಕ, ಎತ್ತರ ನೋಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬೆಳವಣಿಗೆಯಲ್ಲಿ ಏರುಪೇರಾದರೆ ಬೇಗ ಗೊತ್ತಾಗಲು ಅದು ಬೇಕು. ಬೇರೆ ಕೋಣೆಯಲ್ಲಿ, ಪರದೆಯ ಹಿಂದೆ, ಒಂದು ಸಲಕ್ಕೆ ಒಂದು ಮಗುವನ್ನು ಕರೆದು, ಬಾಯಲ್ಲಿ ಹೇಳದೆ ಬರೆದುಕೊಳ್ಳಿ. ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ ಅನ್ನುವ ಮಗುವಿಗೆ ಹಾಗೇ ನಿಲ್ಲಲು ಬಿಡಿ. ಆ ಸಂಖ್ಯೆ ಪ್ರಗತಿ ಪತ್ರದಲ್ಲಿ ಬೇಡ. ಮುಚ್ಚಿದ ಲಕೋಟೆಯಲ್ಲಿ ಪೋಷಕರಿಗೆ ಕಳಿಸಿ. ಚಿಂತಿಸುವಂಥದ್ದು ಕಂಡರೆ ವೈದ್ಯರಿಗೆ ತೋರಿಸಿ ಎಂದಷ್ಟೇ ಬರೆಯಿರಿ. ಆಹಾರದ ಬಗ್ಗೆ ಸಲಹೆ ಕೊಡುವುದು ತಿಳಿದವರ ಕೆಲಸ.

ಮಕ್ಕಳ ಗಾತ್ರ, ಬಣ್ಣ, ಎತ್ತರ, ಮೊಡವೆ, ಕೂದಲು, ಇವುಗಳ ಬಗ್ಗೆ ಶಾಲೆಯ ಯಾವ ದೊಡ್ಡವರೂ ಮಾತಾಡಬಾರದು ಎಂದು ಒಂದು ನಿಯಮ ಮಾಡಿ. ಹೊಗಳಿಕೆಯೂ ಬೇಡ. ಸಿಬ್ಬಂದಿಗೆಲ್ಲ ಅದನ್ನು ಓದಿ ಹೇಳಿ, ಬಸ್ಸಿನವರಿಗೂ ಗೇಟಿನವರಿಗೂ ಸೇರಿಸಿ. ಮೈ ಬಗ್ಗೆ ಚುಡಾಯಿಸುವುದನ್ನು ಬೇರೆ ಕಿರುಕುಳಗಳಷ್ಟೇ ಗಂಭೀರವಾಗಿ ನೋಡಿ. ‘ತಮಾಷೆಗೆ ಅಂದಿದ್ದು’ ಎಂಬ ಸಮಜಾಯಿಷಿ ಸಾಕಾಗುವುದಿಲ್ಲ. ಹುಡುಗರಿಗೂ ಇದು ಅನ್ವಯವಾಗಬೇಕು. ಕುಳ್ಳಗೆ, ತೆಳ್ಳಗೆ ಇರುವ ಹುಡುಗರೂ ಇದೇ ನೋವು ನುಂಗುತ್ತಾರೆ, ಅವರಿಗೆ ಹೇಳಿಕೊಳ್ಳಲು ಇನ್ನೂ ಕಷ್ಟ.

ಆಟದ ಬಟ್ಟೆ ಗಾಢ ಬಣ್ಣದ್ದಾಗಲಿ, ಎಲ್ಲ ಅಳತೆಯಲ್ಲೂ ಸಿಗಲಿ. ಚಡ್ಡಿಯೋ ಉದ್ದ ಪ್ಯಾಂಟೋ, ಮಗುವೇ ಆರಿಸಿಕೊಳ್ಳಲಿ. ಬಾಗಿಲು, ಚಿಲಕ ಇರುವ ಕೋಣೆ ಕೊಡಿ. ಅಲ್ಲೊಂದು ಕಡೆ ಪ್ಯಾಡ್ ಇಟ್ಟಿರಿ, ಕೇಳದೆ ತೆಗೆದುಕೊಳ್ಳುವ ಹಾಗೆ. ಪ್ರೌಢಾವಸ್ಥೆಯ ಪಾಠವನ್ನು ಎಂಟನೇ ತರಗತಿಗೆ ಇಟ್ಟುಕೊಳ್ಳಬೇಡಿ. ಆಗ ಬಹಳ ಹುಡುಗಿಯರಿಗೆ ಅದು ಆಗಿಹೋದ ವಿಷಯ. ಐದನೇ ತರಗತಿಯಲ್ಲೇ, ಹುಡುಗರನ್ನೂ ಕೂರಿಸಿಕೊಂಡು, ಮೈ ಏಕೆ ತುಂಬಿಕೊಳ್ಳುತ್ತದೆ ಎಂದು ಹೇಳಿ. ನನ್ನ ಮಗಳಿಗೆ ಅದು ಮೊದಲೇ ಗೊತ್ತಿದ್ದಿದ್ದರೆ, ತೂಕ ಕೇಳಿದ ದಿನ ಇಷ್ಟು ಹೆದರುತ್ತಿರಲಿಲ್ಲ.

ಶಿಕ್ಷಕರ ಹೊರೆ ನನಗೆ ಗೊತ್ತು. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಮಾಡಬೇಕಾದ ದಾಖಲೆ ಕೆಲಸ ಎಷ್ಟು ಎಂದು ಆ ದಿನ ನೋಡಿದ್ದೇನೆ. ನಾನು ಕೇಳಿದ್ದರಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಾಗಿಲ್ಲ. ಯಂತ್ರವನ್ನು ಪಕ್ಕದ ಕೋಣೆಗೆ ಸರಿಸಬೇಕು, ಕೂಗುವುದನ್ನು ಬಿಡಬೇಕು. ಜನ ಸಾಲದಿದ್ದರೆ ಪೋಷಕರನ್ನು ಕರೆಯಿರಿ. ಇದರ ಬಗ್ಗೆ ಮಾತಾಡಿದಾಗ ಬರುತ್ತೇವೆ ಎಂದ ತಾಯಂದಿರೂ ತಂದೆಯರೂ ಹಲವರಿದ್ದಾರೆ.

ಮುಂದಿನ ತಪಾಸಣೆ ಮುಂದಿನ ಅವಧಿಯ ಮೊದಲ ವಾರದಲ್ಲಿದೆ ಎಂದು ಸೂಚನಾ ಫಲಕದಲ್ಲಿ ನೋಡಿದೆ. ಅದಕ್ಕೆ ಮೊದಲು ಪೋಷಕರ ಸಭೆ ಕರೆಯಬೇಕು, ಈ ಪತ್ರವನ್ನು ಅಲ್ಲಿ ಚರ್ಚೆಗೆ ಇಡಬೇಕು ಎಂದು ಕೇಳಿಕೊಳ್ಳುತ್ತೇನೆ. ಹಿರಿಯ ತರಗತಿಯ ಒಂದಿಬ್ಬರು ಹುಡುಗಿಯರಿಗೂ ಸಭೆಯಲ್ಲಿ ಮಾತಾಡಲು ಅವಕಾಶ ಕೊಡಿ. ತಪಾಸಣೆ ಹೇಗೆ ನಡೆಯುತ್ತದೆ ಎಂಬುದನ್ನು ತಾವು ಬರೆದು ತಿಳಿಸುವವರೆಗೆ ನನ್ನ ಮಗಳನ್ನು ತರಗತಿಯಲ್ಲಿ ತೂಕ ಮಾಡಲು ನನ್ನ ಒಪ್ಪಿಗೆ ಇಲ್ಲ. ಅವಳ ಎತ್ತರ, ತೂಕದ ವೈದ್ಯರ ಚೀಟಿಯನ್ನು ನಾನೇ ಲಕೋಟೆಯಲ್ಲಿ ತಂದು ಕಚೇರಿಗೆ ಕೊಡುತ್ತೇನೆ.

ತಮ್ಮ ಉತ್ತರಕ್ಕೆ ಕಾಯುತ್ತಿರುವೆ.

ಇಂತಿ ತಮ್ಮ ವಿಶ್ವಾಸಿ,
ಆರನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ